ಉಳಿದದ್ದು ಉಣ್ಣುವವಳ ಕಾವಲು



ತರೀಕೆರೆಯ ಸೋದರಿಯೊಬ್ಬರು ಪತ್ರ ಬರೆದಿದ್ದಾರೆ. "ನನಗೆ ಪದೇ ಪದೇ ನೆಗಡಿ, ಸುಸ್ತು. ರೋಗನಿರೋಧಕ ಶಕ್ತಿ ಹೆಚ್ಚಿಸುವ ಪುಡಿ ಅಂತ ಅಂಗಡಿಯಲ್ಲಿ ಡಬ್ಬಿ ಮಾರುತ್ತಾರೆ. ತಗೊಳ್ಳಲೇ?" ಎಂಬುದು ಅವರ ಪ್ರಶ್ನೆ. ಕೊನೆಯಲ್ಲಿ, "ಎಲ್ಲರದೂ ಆದ ಮೇಲೆ ನನ್ನ ಊಟ. ಉಳಿದದ್ದೇ ಸಾಕಾಗುತ್ತೆ" ಎಂದೂ ಬರೆದಿದ್ದಾರೆ. ಪ್ರಶ್ನೆಗಿಂತ ಈ ಮಾತೇ ನನ್ನನ್ನು ಕಾಡಿತು. ಯಾಕೆಂದರೆ ಇದರಲ್ಲಿ ನನ್ನದೂ ಒಂದು ತಪ್ಪು ಇದೆ.

ಎರಡು ವರ್ಷದ ಹಿಂದೆ ಅಜ್ಜಂಪುರದಲ್ಲಿರುವ ನನ್ನ ತಂಗಿಗೆ ಕ್ಷಯ ಬಂತು. ಕಡೂರಿನಿಂದ ನೋಡಲು ಹೋದೆ. ಅವಳ ಅತ್ತೆ ಒಳ್ಳೆಯವರೇ, ಆದರೆ ಪಥ್ಯದಲ್ಲಿ ಬಲು ಕಟ್ಟುನಿಟ್ಟು. ಮೊಸರು ತಂಪು, ಬಾಳೆಹಣ್ಣು ಕಫ, ಬೇಳೆ ವಾಯು, ಎಲ್ಲವೂ ಬೇಡ. ಬರೀ ಗಂಜಿ, ನಿಂಬೆ ಉಪ್ಪಿನಕಾಯಿ. "ಹೌದು, ಕಾಯಿಲೆಯಲ್ಲಿ ಪಥ್ಯ ಇದ್ದರೇ ಒಳ್ಳೇದು" ಅಂತ ನಾನೂ ತಲೆಯಾಡಿಸಿ ಬಂದೆ. ಒಂದು ತಿಂಗಳಿಗೆ ಅವಳ ತೂಕ 41ರಿಂದ 38 ಕೆ.ಜಿ.ಗೆ ಇಳಿಯಿತು. ಒಂದು ದಿನವೂ ಮಾತ್ರೆ ತಪ್ಪಿಸಿರಲಿಲ್ಲ. ಡಾಕ್ಟರು ನಮ್ಮೆಲ್ಲರ ಮುಖ ನೋಡಿ, "ಮಾತ್ರೆ ರೋಗಾಣು ಕೊಲ್ಲುತ್ತೆ. ಮಿಕ್ಕ ಕೆಲಸ ಇವರ ಮೈಯೊಳಗಿನ ಕಾವಲಿನವರು ಮಾಡಬೇಕು. ಅವರಿಗೆ ಕೂಲಿ ಕೊಟ್ಟಿದ್ದೀರಾ?" ಅಂದರು. ನನ್ನ ತಲೆ ತಗ್ಗಿತು.

ಮನೆಗೆ ಬಂದು ಬಿ.ಎಸ್ಸಿ. ಓದುವ ಮಗಳನ್ನು ಕೇಳಿದೆ. ಅಡಿಗೆಮನೆಯಲ್ಲೇ ಕೂತು ಬಿಡಿಸಿ ಹೇಳಿದಳು. ನಮ್ಮ ಮೈಯ ಹೆಚ್ಚುಕಡಿಮೆ ಎಲ್ಲ ಜೀವಕೋಶಗಳೊಳಗೂ ಪುಟ್ಟ ಪುಟ್ಟ ಒಲೆಗಳಿವೆ, ಅವಕ್ಕೆ ಮೈಟೊಕಾಂಡ್ರಿಯ ಅಂತ ಹೆಸರು. ನಾವು ತಿಂದದ್ದನ್ನು ಉಸಿರಿನ ಆಮ್ಲಜನಕದೊಂದಿಗೆ ಉರಿಸಿ ಶಕ್ತಿ ಕೊಡುವುದು ಇವೇ. ಇನ್ನೊಂದು ಸಂಗತಿ ಕೇಳಿ: ಈ ಒಲೆಗಳು ಮಕ್ಕಳಿಗೆ ಬರುವುದು ತಾಯಿಯಿಂದ, ತಂದೆಯಿಂದಲ್ಲ!

ಕಾವಲಿನ ಬಿಳಿ ರಕ್ತಕಣಗಳಲ್ಲಿಯೂ ಇವು ಇವೆ. ರೋಗವಿಲ್ಲದಾಗ ಬೂದಿ ಮುಚ್ಚಿದ ಕೆಂಡದ ಹಾಗೆ ನಿಧಾನ ಕಾವು. ರೋಗಾಣು ಬಂದಾಗ ಅದನ್ನು ಗುರುತಿಸುವ ಕೆಲವೇ ಕಣಗಳು ಕೆಲವೇ ದಿನದಲ್ಲಿ ಸಾವಿರ ಸಾವಿರವಾಗಬೇಕು. ಆಗ ತೆಂಗಿನ ಗರಿ ಹಚ್ಚಿದ ಹಾಗೆ ಸಕ್ಕರೆ ಅಂಶವನ್ನು ಭರ್ರನೆ ಉರಿಸುತ್ತವೆ. ಶಕ್ತಿ ಸಿಗುವುದು ಕಮ್ಮಿ, ಆದರೆ ಬೇಗ ಸಿಗುತ್ತೆ, ಹೊಸ ಕಣ ಕಟ್ಟಲು ಸಾಮಾನೂ ಸಿಗುತ್ತೆ. ರೋಗಾಣುವನ್ನು ನುಂಗುವ ದೊಡ್ಡ ಕಣಗಳಲ್ಲಂತೂ ಒಲೆಯೇ ಕುಲುಮೆಯಾಗುತ್ತೆ. ಅಡಿಗೆ ಬಿಟ್ಟು ಇಟಕೊನೇಟ್ ಎಂಬ ವಸ್ತು ಮಾಡುತ್ತೆ, ಅದು ಕ್ಷಯದ ರೋಗಾಣುವಿಗೆ ತೊಡಕಾಗುವಂಥದ್ದು. ಕಾಳಗ ಮುಗಿದ ಮೇಲೆ ಕೆಲವು ಕಣಗಳು ಆ ಶತ್ರುವಿನ ನೆನಪಿಟ್ಟುಕೊಂಡು ವರ್ಷಗಟ್ಟಲೆ ಉಳಿಯುತ್ತವೆ. ಅವು ಮತ್ತೆ ನಿಧಾನ ಕಾವಿನ ಒಲೆಯನ್ನೇ ನಂಬುತ್ತವೆ.

ಇನ್ನು ಹೊಟ್ಟೆಗೆ ಸಾಲದಿದ್ದರೆ? ಮೈಯ ಕೊಬ್ಬಿನಿಂದ ಲೆಪ್ಟಿನ್ ಎಂಬ ಸಂದೇಶ ಹೊರಡುತ್ತೆ. ಕೊಬ್ಬು ಕರಗಿದಂತೆ ಅದೂ ಇಳಿಯುತ್ತೆ. "ಉಗ್ರಾಣದಲ್ಲಿ ದಾಸ್ತಾನಿಲ್ಲ" ಅಂತ ತಿಳಿದ ಕಾವಲಿನ ಕಣಗಳು ಸಕ್ಕರೆ ಎಳೆದುಕೊಳ್ಳುವುದನ್ನೇ ಕಮ್ಮಿ ಮಾಡುತ್ತವೆ. ಒಲೆ ಉರಿಯಲು ಕಬ್ಬಿಣದ ಅಂಶವೂ ಬೇಕು. ರಕ್ತಹೀನತೆ ಇದ್ದವರಿಗೆ ಮೈಯೆಲ್ಲ ಸುಸ್ತಾಗುವುದು ಸುಮ್ಮನೆ ಅಲ್ಲ. ಹಾಗಂತ ಸಕ್ಕರೆ ಸುರಿದರೆ ಕಾವಲು ಬಲವಾಗದು. ಸಕ್ಕರೆ ಕಾಯಿಲೆ ಇದ್ದವರಿಗೂ ಕ್ಷಯದ ಭಯ ಎರಡು ಮೂರು ಪಟ್ಟು ಜಾಸ್ತಿ.

ಇದು ಬರೀ ಪುಸ್ತಕದ ಮಾತಲ್ಲ. ನಮ್ಮ ಮಂಗಳೂರಿನ ಯೆನೆಪೋಯ ವೈದ್ಯಕೀಯ ಕಾಲೇಜಿನ ಡಾ. ಅನುರಾಗ್ ಭಾರ್ಗವ, ಡಾ. ಮಾಧವಿ ಭಾರ್ಗವ ಮತ್ತು ಸಂಗಡಿಗರು 2019ರಿಂದ 2022ರವರೆಗೆ ಜಾರ್ಖಂಡಿನಲ್ಲಿ 2800 ಕ್ಷಯ ರೋಗಿಗಳ ಕುಟುಂಬಗಳನ್ನು ಗಮನಿಸಿದರು. ರೋಗಿಗಳಿಗೆಲ್ಲ ದಿನಸಿ ಕೊಟ್ಟರು. ಸುಮಾರು ಅರ್ಧದಷ್ಟು ಮನೆಗಳಲ್ಲಿ ಮಿಕ್ಕವರಿಗೂ ತಲೆಗೆ ತಿಂಗಳಿಗೆ 5 ಕೆ.ಜಿ. ಅಕ್ಕಿ, ಒಂದೂವರೆ ಕೆ.ಜಿ. ಬೇಳೆ, ಜೊತೆಗೆ ಜೀವಸತ್ವದ ಮಾತ್ರೆ. ಆ ಮನೆಗಳಲ್ಲಿ ಹೊಸದಾಗಿ ಕ್ಷಯ ತಗಲುವುದು ನೂರಕ್ಕೆ 39ರಷ್ಟು ಇಳಿಯಿತು! ಮೊದಲ ಎರಡು ತಿಂಗಳಲ್ಲಿ ತೂಕ ಹೆಚ್ಚಿಸಿಕೊಂಡ ರೋಗಿಗಳಲ್ಲಿ ಸಾವೂ ಕಮ್ಮಿ. 2023ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಇದು ಪ್ರಕಟವಾಯಿತು.

ಆದ್ದರಿಂದ ತರೀಕೆರೆಯ ಸೋದರಿ, ಡಬ್ಬಿಯ ದುಡ್ಡಿನಲ್ಲಿ ಬೇಳೆಕಾಳು ತನ್ನಿ. ಸುಸ್ತು ಪದೇ ಪದೇ ಬರುತ್ತಿದ್ದರೆ ರಕ್ತ, ಸಕ್ಕರೆ ಎರಡನ್ನೂ ಪರೀಕ್ಷೆ ಮಾಡಿಸಿ. ಕೆಮ್ಮು ಎರಡು ವಾರ ದಾಟಿದರೆ ಸರ್ಕಾರಿ ಆಸ್ಪತ್ರೆಯಲ್ಲಿ ಕಫ ಪರೀಕ್ಷೆ, ಔಷಧ ಎಲ್ಲ ಉಚಿತ. ಚಿಕಿತ್ಸೆಯಲ್ಲಿರುವವರಿಗೆ ಊಟದ ಖರ್ಚಿಗೆಂದು 2024ರ ನವೆಂಬರಿನಿಂದ ತಿಂಗಳಿಗೆ ಸಾವಿರ ರೂಪಾಯಿ ಗೊತ್ತುಮಾಡಿದ್ದಾರೆ. ನಾಚಿಕೆ ಪಡದೆ ಕೇಳಿ ಪಡೆಯಿರಿ. ಮುದ್ದೆಗೆ ಹುರುಳಿಕಾಳಿನ ಸಾರೋ ನುಗ್ಗೆಸೊಪ್ಪಿನ ಪಲ್ಯವೋ ಇರಲಿ, ಮೇಲೆ ನಿಂಬೆಹಣ್ಣು ಹಿಂಡಿಕೊಳ್ಳಿ. ಕಬ್ಬಿಣದ ಅಂಶ ಚೆನ್ನಾಗಿ ಮೈಗೆ ಹತ್ತುತ್ತೆ. ಊಟವಾದ ಕೂಡಲೇ ಕಾಫಿ, ಟೀ ಬೇಡ. ಮುಖ್ಯವಾಗಿ, ಬಡಿಸುವಾಗಲೇ ನಿಮ್ಮ ಪಾಲು ಒಂದು ಬಟ್ಟಲಲ್ಲಿ ತೆಗೆದಿಡಿ.

ತಂಗಿಗೆ ನಾನು ಮಾಡಿ ಕಳಿಸುತ್ತಿದ್ದ ಉಂಡೆ ಹೀಗೆ:

ಕಡಲೆಕಾಯಿ ಬೀಜ 1 ಲೋಟ, ಹುರಿಗಡಲೆ 1 ಲೋಟ, ಎಳ್ಳು ಕಾಲು ಲೋಟ, ಪುಡಿ ಮಾಡಿದ ಬೆಲ್ಲ ಮುಕ್ಕಾಲು ಲೋಟ, ಏಲಕ್ಕಿ 2, ತುಪ್ಪ 3 ಚಮಚ. ಬೀಜ, ಎಳ್ಳು ಬೇರೆ ಬೇರೆಯಾಗಿ ಹುರಿದು, ಬೀಜದ ಸಿಪ್ಪೆ ತೆಗೆಯಿರಿ. ಆರಿದ ಮೇಲೆ ಹುರಿಗಡಲೆ, ಏಲಕ್ಕಿ ಸೇರಿಸಿ ತರಿತರಿಯಾಗಿ ಪುಡಿ ಮಾಡಿ. ಬೆಲ್ಲ ಬೆರೆಸಿ, ಬಿಸಿ ತುಪ್ಪ ಹಾಕಿ ಉಂಡೆ ಕಟ್ಟಿ. ಪಾಕದ ರಗಳೆ ಇಲ್ಲ. ಸಕ್ಕರೆ ಕಾಯಿಲೆಯವರು ಉಂಡೆ ಬಿಟ್ಟು ಹುರಿದ ಬೀಜ ಮಾತ್ರ ತಿನ್ನಲಿ.

ಆರು ತಿಂಗಳ ಔಷಧ ಮುಗಿದಾಗ ತಂಗಿಯ ತೂಕ 46 ಕೆ.ಜಿ. ಈಗ ಅವಳ ಅತ್ತೆಯೇ ಮೊಸರು ಬಡಿಸಿ, "ಇನ್ನೊಂದು ಸೌಟು ಹಾಕ್ಕೋ" ಅನ್ನುತ್ತಾರೆ. ಮನೆಯವರಿಗೆಲ್ಲ ಒಲೆ ಹಚ್ಚುವ ನಾವು ನಮ್ಮೊಳಗಿನ ಒಲೆ ಆರಲು ಬಿಡಬಾರದು, ಅಲ್ಲವೇ?