ನಿಂತ ಕಾರು ಮತ್ತು ಶರಾವತಿಯ ಕಣಿವೆ

ಅಂಧೇರಿಯ ವಸತಿ ಸಂಕೀರ್ಣಗಳ ಕೆಳಗೆ ರಾತ್ರಿಯಿಡೀ ಸಾಲುಗಟ್ಟಿ ನಿಲ್ಲುವ ವಾಹನಗಳ ನಡುವೆ ಈಗ ವಿದ್ಯುತ್ ಕಾರುಗಳೂ ಕಾಣಸಿಗುತ್ತವೆ. ಅವುಗಳಿಗೂ ನಮ್ಮ ಶರಾವತಿ ಕಣಿವೆಗೂ ಏನು ಸಂಬಂಧವೆಂದು ಓದುಗರು ಕೇಳಬಹುದು. ಸಂಬಂಧವಿದೆ.

ಸೌರವಿದ್ಯುತ್ತಿನ ದೊಡ್ಡ ತೊಡಕು ಸಂಗ್ರಹದ್ದು. ಪಾವಗಡದ 2,050 ಮೆಗಾವಾಟ್ ಸೌರ ಉದ್ಯಾನ ಹಗಲಿನಲ್ಲಿ ಮಾತ್ರ ದುಡಿಯುತ್ತದೆ. ಮನೆಮನೆಯ ದೀಪ, ಪಂಖಗಳು ಬೇಡುವ ಹೊತ್ತಿಗೆ ಸೂರ್ಯ ಮುಳುಗಿರುತ್ತಾನೆ. ಈ ಕೊರತೆಯನ್ನು ತುಂಬಲೆಂದು ಕರ್ನಾಟಕ ವಿದ್ಯುತ್ ನಿಗಮವು ತಳಕಳಲೆ ಮತ್ತು ಗೇರುಸೊಪ್ಪೆ ಜಲಾಶಯಗಳ ನಡುವೆ 2,000 ಮೆಗಾವಾಟ್ ಸಾಮರ್ಥ್ಯದ ಪಂಪ್ಡ್ ಸ್ಟೋರೇಜ್ ಯೋಜನೆಯನ್ನು ರೂಪಿಸಿದೆ. ವಿದ್ಯುತ್ ಹೆಚ್ಚಾದಾಗ ನೀರನ್ನು ಮೇಲೆತ್ತಿ, ಬೇಕಾದಾಗ ಕೆಳಗೆ ಹರಿಸುವ ಈ ತತ್ತ್ವದಲ್ಲಿ ದೋಷವಿಲ್ಲ. ಆದರೆ ಆ ಕಣಿವೆ ಸಿಂಗಳೀಕಗಳ ನೆಲೆ. ಲಿಂಗನಮಕ್ಕಿಗಾಗಿ ಊರುಗಳನ್ನು ಒಮ್ಮೆ ಮುಳುಗಿಸಿಕೊಂಡ ಸೀಮೆ. ಅದರಿಂದ ಇನ್ನೆಷ್ಟು ತ್ಯಾಗ ಕೇಳಬೇಕು?

ಕಾರಿನ ಬ್ಯಾಟರಿಯೂ ಒಂದು ಪುಟ್ಟ ಜಲಾಶಯವೇ. ಸಾಧಾರಣ ಕಾರಿನಲ್ಲಿ 40 ಯೂನಿಟ್‌ಗಳಷ್ಟು ವಿದ್ಯುತ್ ಹಿಡಿಯುತ್ತದೆ; ಕಾರು ಓಡುವುದಕ್ಕಿಂತ ನಿಲ್ಲುವುದೇ ಹೆಚ್ಚು. ಎರಡು ದಿಕ್ಕಿಗೂ ವಿದ್ಯುತ್ ಹರಿಸಬಲ್ಲ ಚಾರ್ಜರ್ ಇದ್ದರೆ ಮಧ್ಯಾಹ್ನ ತುಂಬಿಸಿದ್ದನ್ನು ಸಂಜೆ ಜಾಲಕ್ಕೆ ಮರಳಿಸಬಹುದು. 2011ರ ಭೂಕಂಪದ ತರುವಾಯ ಜಪಾನಿನಲ್ಲಿ ನಿಸ್ಸಾನ್ ಕಂಪನಿಯು ಕಾರಿನಿಂದ ಮನೆಗೆ ವಿದ್ಯುತ್ ನೀಡುವ ಉಪಕರಣವನ್ನು 2012ರಲ್ಲೇ ತಂದಿತು. 2020ರ ಅಕ್ಟೋಬರ್ 12ರಂದು ಮುಂಬಯಿ ಕತ್ತಲಾಗಿ ಲೋಕಲ್ ರೈಲುಗಳು ನಿಂತಾಗ ಇಂಥ ವ್ಯವಸ್ಥೆಯಿದ್ದಿದ್ದರೆ, ಹಲವು ಕಟ್ಟಡಗಳ ನೀರಿನ ಪಂಪುಗಳಾದರೂ ನಡೆಯುತ್ತಿದ್ದವು.

ಲೆಕ್ಕವನ್ನು ಉತ್ಪ್ರೇಕ್ಷಿಸಬಾರದು. 2 ಲಕ್ಷ ಕಾರುಗಳು ತಲಾ 10 ಯೂನಿಟ್ ಕೊಟ್ಟರೆ 20 ಲಕ್ಷ ಯೂನಿಟ್. ಶರಾವತಿ ಯೋಜನೆ ಪೂರ್ಣ ಬಲದಿಂದ ಒಂದು ಗಂಟೆ ನಡೆದರೆ ಸಿಗುವುದೂ ಅಷ್ಟೇ. ಕಾರುಗಳು ಕಣಿವೆಗೆ ಪೂರ್ತಿ ಬದಲಿಯಲ್ಲ, ನಿಜ. ಆದರೆ ಜನ ತಮ್ಮ ಹಣದಿಂದ ಈಗಾಗಲೇ ಕೊಂಡಿರುವ ಬ್ಯಾಟರಿಗಳನ್ನು ಲೆಕ್ಕಕ್ಕೆ ಹಿಡಿಯದೆ ಕಾಡು ಕಡಿಯಲು ಹೊರಡುವುದು ವಿವೇಕವಲ್ಲ.

ಇದಕ್ಕೆ ಸರ್ಕಾರ ಮಾಡಬೇಕಾದ್ದಿದೆ. ಬ್ಯಾಟರಿಯ ಸವಕಳಿಗೆ ನ್ಯಾಯವಾದ ದರ ಸಿಗಬೇಕು. ಎಷ್ಟು ಉಳಿಸಿಕೊಳ್ಳಬೇಕೆಂಬ ನಿರ್ಧಾರ ಮಾಲಿಕನದೇ ಆಗಿರಬೇಕು. ಛಾವಣಿಯ ಸೌರವಿದ್ಯುತ್ತನ್ನು ಜಾಲಕ್ಕೆ ಕೊಡಲು ಒಪ್ಪಿದ ನಿಯಮಗಳು ಕಾರಿಗೂ ವಿಸ್ತರಿಸಲಿ.

ನಾವು ಮಾಡಬೇಕಾದ್ದೂ ಇದೆ. ಕಾರು ನಿಲ್ಲಿಸುವಲ್ಲಿ ಒಂದು ಚಾರ್ಜರ್ ಹಾಕಲೂ ಅನುಮತಿ ಕೊಡದ ಸೊಸೈಟಿ ಸಮಿತಿಗಳಿವೆ; ಅಂಥ ಸಮಿತಿಗಳಲ್ಲಿ ಕನ್ನಡಿಗರೂ ಇದ್ದಾರೆ. ಮಲೆನಾಡಿನ ಮರಗಳಿಗಾಗಿ ಇಲ್ಲಿಂದ ಮರುಗುವ ನಾವು, ಮುಂದಿನ ವಾರ್ಷಿಕ ಸಭೆಯಲ್ಲಿ ಅದರ ಪರವಾಗಿ ಒಂದು ಠರಾವು ಮಂಡಿಸೋಣ.