ಒಂಟಿ ರಾಜ ಸೋತಿಲ್ಲ



ಹೋದ ವಾರ ನಮ್ಮ ಶಾಲೆಯ ಚೆಸ್ ಆಯ್ಕೆ ಪಂದ್ಯದಲ್ಲಿ ನಾನು ಗೆದ್ದೆ ಅಂತ ಬರೆದುಕೊಂಡಿದ್ದಾರೆ. ನೀವೆಲ್ಲ ಚಪ್ಪಾಳೆ ತಟ್ಟಿದಿರಿ. ಆದರೆ ನಾನು ಗೆದ್ದಿಲ್ಲ. ಅದನ್ನು ಹೇಳೋದಕ್ಕೇ ಈ ಲೇಖನ.

ಆಟದ ಕೊನೆಗೆ ನನ್ನ ಹತ್ರ ರಾಜ ಮತ್ತು ಒಂದು ಒಂಟೆ ಉಳಿದಿತ್ತು. ಎದುರಿಗೆ ಕೂತಿದ್ದ ಎಂಟನೇ ತರಗತಿಯ ಹುಡುಗಿ ಹತ್ರ ಬರೀ ರಾಜ. ಸುತ್ತ ನಿಂತವರು "ಅವಳ ಹತ್ರ ಏನೂ ಇಲ್ಲ, ಇವನದು ಒಂದು ಜಾಸ್ತಿ ಐತೆ, ಇವನೇ ಗೆದ್ದ" ಅಂದರು. ಅಷ್ಟರಲ್ಲಿ ಬೆಲ್ಲೂ ಹೊಡೀತು. "ಚೆಕ್‌ಮೇಟ್ ಆಗಿಲ್ವಲ್ಲ" ಅಂತ ಅವಳು ಎರಡು ಸಲ ಹೇಳಿದಳು. ಯಾರೂ ಕಿವಿಗೆ ಹಾಕ್ಕೊಳ್ಳಲಿಲ್ಲ. ನಾನೂ ಸುಮ್ಮನಿದ್ದೆ.

ಚೆಸ್‌ನಲ್ಲಿ ಗೆಲುವು ಅಂದ್ರೆ ಎದುರಾಳಿಯ ರಾಜನನ್ನು ತಪ್ಪಿಸಿಕೊಳ್ಳದ ಹಾಗೆ ಹಿಡಿಯುವುದು. ಕಾಯಿ ಎಣಿಸುವುದಲ್ಲ. ವಿಶ್ವ ಚೆಸ್ ಸಂಸ್ಥೆ ಫಿಡೆಯ ನಿಯಮ ಸ್ಪಷ್ಟವಾಗಿದೆ: ಹೇಗೆ ಆಡಿದರೂ ಇಬ್ಬರಲ್ಲಿ ಯಾರಿಗೂ ಚೆಕ್‌ಮೇಟ್ ಮಾಡಲು ಆಗದಂಥ ಸ್ಥಿತಿ ಬಂದರೆ ಆಟ ಆ ಕ್ಷಣಕ್ಕೇ ಡ್ರಾ. ರಾಜನ ಎದುರು ರಾಜ, ರಾಜನ ಎದುರು ರಾಜ ಮತ್ತು ಒಂಟೆ, ರಾಜನ ಎದುರು ರಾಜ ಮತ್ತು ಕುದುರೆ, ಈ ಮೂರೂ ಇದೇ ಜಾತಿಗೆ ಸೇರಿದವು.

ಒಂಟೆಗೆ ಯಾಕೆ ಆಗಲ್ಲ? ಮನೆಗೆ ಹೋಗಿ ಹಲಗೆ ಹಾಕ್ಕೊಂಡು ನೋಡಿದೆ. ಎದುರು ರಾಜನನ್ನು ಮೂಲೆಗೆ ತಳ್ಳಿದರೆ ಅವನಿಗೆ ಓಡಲು ಮೂರೇ ಮನೆ. ಒಂಟೆ ಓರೆಯಲ್ಲಿ ಚೆಕ್ ಕೊಟ್ಟಾಗ ಅದೇ ಬಣ್ಣದ ಒಂದು ಮನೆ ಮುಚ್ಚುತ್ತದೆ. ಉಳಿದ ಎರಡು ಮನೆ ಇನ್ನೊಂದು ಬಣ್ಣದವು. ಅವೆರಡನ್ನೂ ನನ್ನ ರಾಜನೇ ಕಾಯಬೇಕು. ಆದರೆ ರಾಜನಿಗೆ ರಾಜ ತಾಗಿ ನಿಲ್ಲುವಂತಿಲ್ಲ. ದೂರ ನಿಂತು ಅವನು ಒಂದನ್ನು ಮಾತ್ರ ಕಾಯಬಲ್ಲ. ಇನ್ನೊಂದು ಬಾಗಿಲು ತೆರೆದೇ ಇರುತ್ತದೆ.

ನಮ್ಮ ಸೂಳೆಕೆರೆಗೆ ಸಿದ್ಧ ನಾಲೆ, ಬಸವ ನಾಲೆ ಅಂತ ಎರಡು ನಾಲೆ ಇವೆ. ಒಂದು ನಾಲೆಯಲ್ಲಿ ಎಷ್ಟೇ ನೀರು ಬಿಟ್ಟರೂ ಇನ್ನೊಂದರ ಕೆಳಗಿನ ಗದ್ದೆ ನೆನೆಯಲ್ಲ. ಒಂಟೆಯೂ ಹಾಗೇ. ಬಿಳಿ ಮನೆಯ ಒಂಟೆ ಕಪ್ಪಿನ 32 ಮನೆಗಳನ್ನು ಎಂದೂ ಮುಟ್ಟಲ್ಲ. ಎರಡು ಬಣ್ಣಕ್ಕೆ ಒಂದೊಂದು ಒಂಟೆ ಇದ್ದರೆ ಗೆಲ್ಲಬಹುದು.

ಕುದುರೆ ಹಾಗಲ್ಲ, ಎಲ್ಲಾ ಮನೆಗೂ ಹೋಗುತ್ತದೆ. ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರು (1794–1868) ಒಂದೇ ಕುದುರೆಯನ್ನು 64 ಮನೆಗಳಲ್ಲೂ ಒಂದೊಂದೇ ಸಲ ನಡೆಸುವ ಲೆಕ್ಕಗಳನ್ನು ಕಟ್ಟಿದ್ದರು. ಊರೆಲ್ಲಾ ಸುತ್ತುವ ಅಂಥ ಕುದುರೆಯೂ ಒಂಟಿ ರಾಜನನ್ನು ಹಿಡಿಯಲಾರದು. ಎರಡು ಕುದುರೆ ಇದ್ದರೂ ಎದುರಾಳಿ ತಾನೇ ತಪ್ಪು ಮಾಡಬೇಕೇ ಹೊರತು ಬಲವಂತದಿಂದ ಮೇಟ್ ಮಾಡಲು ಬರುವುದಿಲ್ಲ. ಒಂಟೆಯೂ ಕುದುರೆಯೂ ಜೊತೆಗಿದ್ದರೆ ಆಗುತ್ತದೆ, ಆದರೆ ಬಲು ಕಷ್ಟ. ಸರಿಯಾಗಿ ಆಡಿದರೂ 33 ನಡೆಯವರೆಗೆ ಬೇಕಾಗಬಹುದು. ಒಂದು ಆನೆ ಇದ್ದರೆ ಸಾಕು, ಗೆಲುವು ಖಂಡಿತ. ಒಂದು ಪದಾತಿ ಉಳಿದಿದ್ದರೂ ಆಟ ಮುಗಿದಿಲ್ಲ, ಯಾಕಂದ್ರೆ ಅದು ಕೊನೆ ಸಾಲು ಮುಟ್ಟಿ ಮಂತ್ರಿ ಆಗಬಹುದು.

"ಹೆಚ್ಚು ಕಾಯಿ ಉಳಿಸಿಕೊಂಡವನಿಗೆ ಏನೂ ಇಲ್ಲವಾ?" ಅಂತ ಗೆಳೆಯರು ಕೇಳಿದರು. ಕೇಳಿದ್ದು ದಡ್ಡತನವೇನಲ್ಲ. ಸಾವಿರ ವರ್ಷದ ಹಿಂದೆ ಅರಬ್ಬರು ಆಡುತ್ತಿದ್ದ ಶತರಂಜ್‌ನಲ್ಲಿ ಎದುರಾಳಿಯ ಕಾಯಿಗಳನ್ನೆಲ್ಲ ಹೊಡೆದು ರಾಜನನ್ನು ಒಂಟಿ ಮಾಡಿದರೂ ಗೆಲುವೇ ಆಗಿತ್ತು. ಮರುನಡೆಯಲ್ಲೇ ಅವನೂ ಇವನನ್ನು ಒಂಟಿ ಮಾಡಿದರೆ ಮಾತ್ರ ಬಚಾವ್. ಆದರೆ ನಾವು ಆಡುವುದು ಇಂದಿನ ಚೆಸ್. ಆಟ ಶುರು ಮಾಡುವಾಗ ಒಂದು ನಿಯಮ, ಬೆಲ್ ಹೊಡೆದಾಗ ಇನ್ನೊಂದು ನಿಯಮ ಅಂದ್ರೆ ಅದು ನ್ಯಾಯವಲ್ಲ.

ಇನ್ನೊಂದು ಮಾತು. ಅವಳಿಗೆ ಡ್ರಾ ಪುಕ್ಕಟೆ ಸಿಕ್ಕಿದ್ದಲ್ಲ. ನನ್ನ ಹತ್ರ ಕೊನೆಗೆ ಒಂದು ಪದಾತಿ ಇತ್ತು, ಇನ್ನೆರಡು ಹೆಜ್ಜೆ ಇಟ್ಟಿದ್ದರೆ ಮಂತ್ರಿ ಆಗುತ್ತಿತ್ತು. ಅವಳು ತನ್ನ ಹತ್ರ ಉಳಿದಿದ್ದ ಒಂದೇ ಕುದುರೆಯನ್ನು ಕೊಟ್ಟು ಆ ಪದಾತಿಯನ್ನು ಹೊಡೆದಳು. ನಾವೆಲ್ಲ ನಕ್ಕೆವು. ಕುದುರೆ ಕೊಟ್ಟು ಪದಾತಿ ತಗೊಂಡಳಲ್ಲ, ಪೆದ್ದಿ ಅಂತ. ಈಗ ಗೊತ್ತಾಯಿತು, ಅಲ್ಲಿ ಲೆಕ್ಕ ಬಂದಿದ್ದು ಅವಳೊಬ್ಬಳಿಗೇ. ಬರೀ ಒಂಟೆಯಿಂದ ನಾನು ಏನೂ ಮಾಡಲಾರೆ ಅಂತ ತಿಳಿದೇ ಅವಳು ಆ ನಡೆ ಆಡಿದ್ದು. ಅವಳು ಬುದ್ಧಿ ಓಡಿಸಿ ಉಳಿಸಿಕೊಂಡ ಅರ್ಧ ಅಂಕವನ್ನು ನಾವು ಗಲಾಟೆ ಮಾಡಿ ಕಿತ್ತುಕೊಂಡೆವು.

ಆದ್ದರಿಂದ ನನ್ನ ಅಭಿಪ್ರಾಯ ಇಷ್ಟು. ಪುಸ್ತಕದಲ್ಲಿ ನನ್ನ ಒಂದು ಅಂಕ ಹೊಡೆದು ಇಬ್ಬರಿಗೂ ಅರ್ಧರ್ಧ ಬರೆಯಬೇಕು. ತಾಲ್ಲೂಕಿಗೆ ಹೆಸರು ಕಳಿಸುವ ಮುಂಚೆ ನಾವಿಬ್ಬರೂ ಇನ್ನೊಂದು ಆಟ ಆಡಬೇಕು. ಅದರಲ್ಲಿ ನಾನು ಸೋಲಬಹುದು, ಸೋತರೆ ಬೇಜಾರಂತೂ ಆಗುತ್ತದೆ. ಆದರೂ ಈಗಿನಂತೆ ಅವಳ ಮುಖ ನೋಡಲಾಗದೆ ತಲೆ ತಗ್ಗಿಸಿ ಓಡಾಡುವುದಕ್ಕಿಂತ ಅದೇ ವಾಸಿ. ಮುಂದೆ ಜಗಳ ಆಗದ ಹಾಗೆ ಯಾವ ಕಾಯಿ ಉಳಿದರೆ ಡ್ರಾ ಅನ್ನುವ ಪಟ್ಟಿಯನ್ನು ರಟ್ಟಿನ ಮೇಲೆ ಬರೆದು ಚೆಸ್ ಡಬ್ಬಿಯಲ್ಲಿ ಇಡೋಣ. ಬರೆಯುವ ಕೆಲಸ ನನ್ನದು.

ಆ ತಂಗಿಯ ಹತ್ರ ಎಲ್ಲರ ಎದುರಿಗೇ ಕ್ಷಮೆ ಕೇಳುತ್ತೇನೆ. ಹೆಚ್ಚು ಮಾತಾಡಿದ್ದರೆ ಗುರುಗಳು ಮನ್ನಿಸಬೇಕು.

– ಒಂಬತ್ತನೇ ತರಗತಿಯ ವಿದ್ಯಾರ್ಥಿ