ಹದಿನೈದು ವರ್ಷದ ಗಾಡಿ, ಏಳು ವರ್ಷದ ಹೊಣೆ

ಮೈಸೂರಿನ ರಾಜೀವನಗರದ ಗೃಹಸ್ಥರೊಬ್ಬರು ತಮ್ಮ ಕಾರಿನ ದೆಸೆಯಿಂದ ಪಡುತ್ತಿರುವ ಪಾಡನ್ನು ನಮಗೆ ತಿಳಿಸಿದ್ದಾರೆ. ಒಬ್ಬರು ಬಳಸಿ ಮಾರಿದ ಗಾಡಿ. ಅದಕ್ಕೆ ಈಗ ಎಂಟು ವರ್ಷ. ಏರ್‌ಬ್ಯಾಗಿನ ಎಚ್ಚರಿಕೆಯ ದೀಪವು ಹೊತ್ತಿಕೊಂಡು ನಾಲ್ಕು ತಿಂಗಳಾದರೂ ಆರಲೊಲ್ಲದು. ಸರ್ವಿಸ್ ಸೆಂಟರಿನವರು ಪರೀಕ್ಷಿಸಿ, ಭಾಗವೇ ಕೆಟ್ಟಿದೆಯೆಂದೂ, ಹೊಸದು ಬರುವುದು ತಡವೆಂದೂ, ಬಂದಾಗ ಅದರ ಬೆಲೆಯನ್ನು ಮಾಲೀಕರೇ ತೆರಬೇಕೆಂದೂ ಹೇಳಿ, ಅಲ್ಲಿಯವರೆಗೆ ಗಾಡಿಯನ್ನು ಓಡಿಸಬಹುದೆಂಬ ಅಪ್ಪಣೆಯನ್ನೂ ದಯಪಾಲಿಸಿದ್ದಾರೆ. ಗಾಡಿಯೇನೋ ಓಡುತ್ತದೆ. ಆದರೆ ಆ ದೀಪ ಉರಿಯುತ್ತಿರುವಾಗ ಅಪಘಾತವಾದರೆ ಏರ್‌ಬ್ಯಾಗು ಬಿಚ್ಚಿಕೊಳ್ಳುವ ಭರವಸೆಯಿಲ್ಲ. ಹೆಂಡತಿ ಮಕ್ಕಳನ್ನು ಕೂರಿಸಿಕೊಂಡು ಬೆಂಗಳೂರಿನ ಹೆದ್ದಾರಿಗೆ ಇಳಿಯುವವರಿಗೆ ಇದು ಸಣ್ಣ ಚಿಂತೆಯಲ್ಲ.

ಇಂತಹವರಿಗೆ ಕಾನೂನಿನ ಆಸರೆ ಎಷ್ಟಿದೆ? 2012ರಿಂದ ತಯಾರಕರ ಸಂಘದವರು ತಾವಾಗಿಯೇ ಒಪ್ಪಿಕೊಂಡ ಒಂದು ನಿಯಮಾವಳಿಯಿದ್ದಿತು. ದೋಷವುಳ್ಳ ಗಾಡಿಗಳನ್ನು ಹಿಂದಕ್ಕೆ ಕರೆಸಿಕೊಳ್ಳುವುದು ಅವರವರ ಮರ್ಜಿಗೆ ಸೇರಿದ್ದಾಗಿತ್ತು. 2019ರಲ್ಲಿ ಮೋಟಾರು ವಾಹನ ಕಾಯಿದೆಗೆ ತಿದ್ದುಪಡಿಯಾಗಿ 110-ಎ ಎಂಬ ಪ್ರಕರಣವು ಸೇರಿತು. 2021ರ ಏಪ್ರಿಲ್ 1ರಿಂದ ಕೇಂದ್ರ ಸರ್ಕಾರದವರು ತಾವೇ ರೀಕಾಲ್ ಆಜ್ಞೆ ಹೊರಡಿಸಬಹುದು. 10 ಲಕ್ಷದಿಂದ 1 ಕೋಟಿ ರೂಪಾಯಿಯವರೆಗೆ ದಂಡವನ್ನೂ ವಿಧಿಸಬಹುದು. ಇದು ಸ್ವಾಗತಾರ್ಹವೇ. ಆದರೆ ಆ ನಿಯಮಗಳೊಳಗೆ ಎರಡು ಬೇಲಿಗಳಿವೆ. ಗಾಡಿಯ ವಯಸ್ಸು ಏಳು ವರ್ಷವನ್ನು ಮೀರಿರಬಾರದು. ಆ ಮಾದರಿಯ ಮಾರಾಟಕ್ಕೆ ತಕ್ಕಷ್ಟು ಸಂಖ್ಯೆಯ ದೂರುಗಳು ಬಂದಿರಬೇಕು. ಎಂಟು ವರ್ಷದ ಗಾಡಿಯ ಒಬ್ಬಂಟಿ ಮಾಲೀಕರು ಎರಡು ಬೇಲಿಗಳಿಗೂ ಹೊರಗಾದರು!

ಏಳೆಂಬ ಈ ಅಂಕಿಯ ಮರ್ಮ ನಮಗೆ ತಿಳಿಯದು. ಖಾಸಗಿ ಕಾರಿಗೆ ನೋಂದಣಿ ಕೊಡುವುದು 15 ವರ್ಷಗಳಿಗೆ. ರಾಜ್ಯ ಸರ್ಕಾರದವರು ಜೀವಾವಧಿ ತೆರಿಗೆಯನ್ನು ಮೊದಲೇ ಎಣಿಸಿಕೊಳ್ಳುತ್ತಾರೆ. ತೆರಿಗೆಯ ವಿಷಯದಲ್ಲಿ ಗಾಡಿಗೆ ಇಷ್ಟು ದೀರ್ಘಾಯುಸ್ಸನ್ನು ಹರಸುವವರು ರಕ್ಷಣೆಯ ವಿಷಯದಲ್ಲಿ ಅರ್ಧದಾರಿಯಲ್ಲಿಯೇ ಕೈಬಿಡುವುದು ನ್ಯಾಯವೆ?

ಕೆಲವು ದೋಷಗಳು ಹೊರಬೀಳುವುದೇ ಗಾಡಿ ಹಳೆಯದಾದ ಮೇಲೆ. ಜಪಾನಿನ ಟಕಾಟಾ ಕಂಪೆನಿಯ ಏರ್‌ಬ್ಯಾಗುಗಳ ಕಥೆಯನ್ನು ಲೋಕವೆಲ್ಲ ಬಲ್ಲದು. ಅವುಗಳಲ್ಲಿ ತುಂಬಿದ್ದ ಅಮೋನಿಯಂ ನೈಟ್ರೇಟು ವರ್ಷಗಟ್ಟಲೆ ಸೆಕೆಯನ್ನೂ ತೇವವನ್ನೂ ಉಂಡು ಕೆಟ್ಟು, ಸ್ಫೋಟವು ಮಿತಿಮೀರಿ, ಕಾಪಾಡಬೇಕಾದ ಚೀಲವೇ ಲೋಹದ ಚೂರುಗಳನ್ನು ಎರಚಿ ಪ್ರಾಣ ತೆಗೆಯಿತು. ಸುಮಾರು ಹತ್ತು ಕೋಟಿ ಭಾಗಗಳು ರೀಕಾಲಿಗೆ ಒಳಗಾಗಿ, 2017ರ ಜೂನಿನಲ್ಲಿ ಕಂಪೆನಿಯೇ ದಿವಾಳಿಯೆದ್ದಿತು. ಅದೇ ವರ್ಷದ ಜನವರಿಯಲ್ಲಿ ಹೋಂಡಾ ಕಂಪೆನಿಯವರು ನಮ್ಮ ದೇಶದಲ್ಲಿ ಕರೆಸಿಕೊಂಡ 41,580 ಕಾರುಗಳು 2012ರಲ್ಲಿ ತಯಾರಾದವು. ಐದು ವರ್ಷಗಳು ಕಳೆದುಹೋಗಿದ್ದವು. ಸೆಕೆಯೂ ತೇವವೂ ನಮ್ಮ ನಾಡಿಗೆ ಹೊಸವಲ್ಲ. ಮೈಸೂರಿನಲ್ಲಿ ಮಾರಿದ ಗಾಡಿ ಮಂಗಳೂರಿನಲ್ಲಿ ಬಾಳುವುದೂ ಉಂಟು.

ನ್ಯಾಯಾಲಯವಿದೆಯಲ್ಲವೆ ಎಂದು ಕೆಲವರು ಕೇಳಬಹುದು. ಇದೆ. ದೆಹಲಿ–ಪಾಣಿಪತ್ ಹೆದ್ದಾರಿಯಲ್ಲಿ 2017ರ ನವೆಂಬರಿನಲ್ಲಿ ಅಪಘಾತಕ್ಕೊಳಗಾದ ಹ್ಯುಂಡೈ ಕ್ರೇಟಾದ ಏರ್‌ಬ್ಯಾಗು ಬಿಚ್ಚಿಕೊಳ್ಳಲಿಲ್ಲ. ಡಿಕ್ಕಿಯ ವೇಗವನ್ನೂ ಬಲವನ್ನೂ ಗಣಿಸಲು ಗ್ರಾಹಕನು ಭೌತಶಾಸ್ತ್ರದ ಪಂಡಿತನಾಗಿರಬೇಕಾಗಿಲ್ಲವೆಂದು ಸುಪ್ರೀಂ ಕೋರ್ಟು 2022ರ ಏಪ್ರಿಲಿನಲ್ಲಿ ತೀರ್ಪಿತ್ತು, ಮಾಲೀಕನ ಪಕ್ಷವನ್ನು ಎತ್ತಿಹಿಡಿಯಿತು. ಘನವಾದ ತೀರ್ಪು. ಆದರೆ ಅದು ದೊರೆತದ್ದು ಪೆಟ್ಟುಬಿದ್ದ ಮೇಲೆ, ನಾಲ್ಕೂವರೆ ವರ್ಷಗಳ ತರುವಾಯ. ಮೊದಲೇ ದೀಪ ಕಂಡು ಎಚ್ಚೆತ್ತವರಿಗೆ ಅದರಿಂದ ಒದಗುವ ನೆರವು ಅಲ್ಪ.

ಸರ್ಕಾರದವರು ಮಾಡಬಹುದಾದ ಒಂದು ಕೆಲಸಕ್ಕೆ ಹೊಸ ಕಾಯಿದೆ ಬೇಕಿಲ್ಲ. ಕಂಪೆನಿಯ ಓಲೆ ಬಹುಮಟ್ಟಿಗೆ ಮೊದಲು ಕೊಂಡವರ ವಿಳಾಸಕ್ಕೆ ಹೋಗುತ್ತದೆ. ಈಗಿನ ಮಾಲೀಕರ ಹೆಸರು ಮೈಸೂರು ಪೂರ್ವದ ಸಾರಿಗೆ ಕಚೇರಿಯ ದಾಖಲೆಯಲ್ಲಿರುತ್ತದೆ. ಮಾಲೀಕತ್ವವನ್ನು ವರ್ಗಾಯಿಸುವಾಗಲೇ ಆ ಗಾಡಿಯ ಮೇಲೆ ತೀರದ ರೀಕಾಲ್ ಇದೆಯೆ ಎಂಬುದನ್ನು ನೋಡಿ, ಇದ್ದರೆ ಕೊಳ್ಳುವವರಿಗೆ ಬರಹದಲ್ಲಿ ತಿಳಿಸತಕ್ಕದ್ದು. ಏಳು ವರ್ಷದ ಗಡಿಯನ್ನಾದರೋ ದೆಹಲಿಯೇ ಸಡಿಲಿಸಬೇಕು. ನಮ್ಮ ಲೋಕಸಭಾ ಸದಸ್ಯರು ಮುಂದಿನ ಅಧಿವೇಶನದಲ್ಲಿ ಈ ಪ್ರಶ್ನೆಯನ್ನು ಎತ್ತಲಿ. ಅಷ್ಟರಲ್ಲಿ ಇಂತಹ ದೀಪವನ್ನು ಕಂಡ ಮಾಲೀಕರೆಲ್ಲರೂ ಸಾರಿಗೆ ಮಂತ್ರಾಲಯದ ವಾಹನ ಜಾಲತಾಣದಲ್ಲಿ ದೂರನ್ನು ದಾಖಲಿಸಲಿ, 1915 ಎಂಬ ಗ್ರಾಹಕ ಸಹಾಯವಾಣಿಗೂ ತಿಳಿಸಲಿ. ದೂರುಗಳನ್ನು ಎಣಿಸಿಯೇ ಏಳುವ ಕಾನೂನಿಗೆ ಎಣಿಕೆಯನ್ನು ಒದಗಿಸುವುದು ಸದ್ಯಕ್ಕೆ ಅವರ ಕೈಯಲ್ಲಿದೆ.